‘ಹೋಗಿ ಬರ್ತೀನಿ’ ಅಂದವರ ಪಯಣ

ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಬಾಯಿತಪ್ಪಿ ಅಂದರೆ ಹಿರಿಯರು ಅಲ್ಲೇ ತಡೆದು, ‘ಹಂಗನಬ್ಯಾಡ, ಹೋಗಿ ಬರ್ತೀನಿ ಅನ್ನು’ ಎಂದು ತಿದ್ದುತ್ತಾರೆ. ಸಂತೆಗೆ ಹೊರಟವರಿಗೂ ಅದೇ ಮಾತು, ಸಮುದ್ರ ದಾಟಿ ಹೊರಟವರಿಗೂ ಅದೇ ಮಾತು.

ದಢೇಸುಗೂರಿನ ಸುತ್ತಲ ಸೀಮೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಈ ಊರು ಇರುವುದು ತುಂಗಭದ್ರೆಯ ದಂಡೆಯಲ್ಲಿ. ಸೇತುವೆ ದಾಟಿದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆ. ಇಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತದೆ. ಆದರೆ ಕಾಲುವೆ ನೀರು ಕಾಣದ ಮಸ್ಕಿ, ಲಿಂಗಸುಗೂರು ಕಡೆಯ ಒಣಭೂಮಿಯ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ. ಅಪ್ಪ ಅವ್ವ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟರೆ ಎಷ್ಟೋ ಮಕ್ಕಳೂ ಹಿಂದೆಯೇ ಹೊರಡುತ್ತಾರೆ. ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ಊರು ಬಿಡುವುದೆಂದರೆ ಇಲ್ಲಿನ ಮಕ್ಕಳಿಗೆ ಮೊದಲು ನೆನಪಾಗುವುದು ಈ ಗುಳೆಯೇ.

ಹದಿಹರೆಯದವರು ಊರು ಬಿಡುವ ಇನ್ನೊಂದು ಬಗೆಯೂ ಜಗತ್ತಿನಲ್ಲಿದೆ. ಹದಿನೈದು ಹದಿನಾರರ ಮಕ್ಕಳನ್ನು ಆರಿಸಿ, ಖರ್ಚಿನ ಬಹುಪಾಲು ಭರಿಸಿ, ಪರದೇಶಕ್ಕೆ ಕಳಿಸಿ, ಸಮಾಜಸೇವೆಯ ಪಾಠ ಕಲಿಸಿ, ಮತ್ತೆ ಊರಿಗೇ ಕರೆತರುವ ಫೆಲೋಶಿಪ್‌ಗಳು ಇವು. ಈ ಏರ್ಪಾಟನ್ನು ಅಚ್ಚುಕಟ್ಟಾಗಿ ಬೆಳೆಸಿಕೊಂಡವರಲ್ಲಿ ಯೆಹೂದಿ ಸಮುದಾಯದವರು ಮುಖ್ಯರು. ಅವರಿಂದ ನಮ್ಮ ಮಕ್ಕಳು ಕಲಿಯಬಹುದಾದದ್ದು ಏನು?

ಹದಿಮೂರಕ್ಕೇ ಹೊಣೆ

ಯೆಹೂದಿ ಮನೆಗಳಲ್ಲಿ ಗಂಡುಮಗುವಿಗೆ 13, ಹೆಣ್ಣುಮಗುವಿಗೆ 12 ತುಂಬಿದರೆ ಧರ್ಮದ ಕಟ್ಟಳೆಗಳಿಗೆ ತಾನೇ ಹೊಣೆ ಎಂದು ಲೆಕ್ಕ. ಹುಡುಗರಿಗೆ ‘ಬಾರ್ ಮಿಟ್ಸ್‌ವಾ’, ಹುಡುಗಿಯರಿಗೆ ‘ಬಾತ್ ಮಿಟ್ಸ್‌ವಾ’ ಎಂಬ ಸಂಸ್ಕಾರ ನಡೆಯುತ್ತದೆ. ಈಗ ಅನೇಕ ಕಡೆ ಆ ಹೊತ್ತಿಗೆ ಮಗು ಒಂದು ಸೇವಾ ಕೆಲಸವನ್ನೂ ಕೈಗೆತ್ತಿಕೊಳ್ಳುವ ರೂಢಿಯಿದೆ. ಹಳೆಯ ಪುಸ್ತಕ ಕೂಡಿಸಿ ಹಂಚುವುದಿರಬಹುದು, ವೃದ್ಧಾಶ್ರಮದ ಅಜ್ಜಿಯರಿಗೆ ಓದಿ ಹೇಳುವುದಿರಬಹುದು.

ಇದರ ಹಿಂದೆ ಹೀಬ್ರೂ ಭಾಷೆಯ ಎರಡು ಮಾತುಗಳಿವೆ. ಒಂದು ‘ತ್ಸೆದಾಕಾ’. ದಾನ ಎಂಬ ಅರ್ಥದಲ್ಲಿ ಇದನ್ನು ಬಳಸುತ್ತಾರೆ, ಆದರೆ ಪದದ ಮೂಲದಲ್ಲಿರುವುದು ನ್ಯಾಯ ಎಂಬ ಅರ್ಥ. ಇಲ್ಲದವರಿಗೆ ಕೊಡುವುದು ಉಪಕಾರವಲ್ಲ, ಸಲ್ಲಬೇಕಾದದ್ದನ್ನು ಸಲ್ಲಿಸುವುದು. ಇನ್ನೊಂದು ‘ತಿಕ್ಕುನ್ ಓಲಾಮ್’, ಅಂದರೆ ಲೋಕವನ್ನು ದುರಸ್ತಿ ಮಾಡುವುದು. ಶರಣರ ಕಾಯಕ, ದಾಸೋಹದ ಮಾತು ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಇದು ತೀರಾ ಹೊಸದೆನಿಸದು.

ಒಂದು ವರ್ಷ, ಮೂರು ತಿಂಗಳು

ಈ ಫೆಲೋಶಿಪ್‌ಗಳಲ್ಲಿ ಹೆಸರಾದದ್ದು ‘ಡಿಲ್ಲರ್ ಟೀನ್ ಫೆಲೋಸ್’. 1998ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಇದು ಈಗ ಹಲವು ದೇಶಗಳಲ್ಲಿ ನಡೆಯುತ್ತದೆ. ಹತ್ತು, ಹನ್ನೊಂದನೇ ತರಗತಿಯ ಮಕ್ಕಳಿಗೆ ಇದು ಮೀಸಲು. ಒಂದೊಂದು ಊರಿನಿಂದ ಸುಮಾರು 20 ಮಕ್ಕಳ ತಂಡ. ಅವಧಿ ಒಟ್ಟು 15 ತಿಂಗಳು.

ಆ 15 ತಿಂಗಳಲ್ಲಿ ಪರದೇಶದ ಪ್ರವಾಸಕ್ಕೆ ಸಿಗುವುದು ಸುಮಾರು ಮೂರು ವಾರ ಮಾತ್ರ ಎಂಬುದನ್ನು ಗಮನಿಸಬೇಕು. ಉಳಿದ ತಿಂಗಳುಗಳೆಲ್ಲ ತಮ್ಮೂರಿನಲ್ಲೇ ಕಳೆಯುತ್ತವೆ. ನಿಯತವಾಗಿ ಸೇರುವುದು, ವಾದ ಮಾಡುವುದು, ಶಿಬಿರ ನಡೆಸುವುದು, ಊರಿಗೆ ಬೇಕಾದ ಒಂದು ಸೇವಾ ಯೋಜನೆಯನ್ನು ತಾವೇ ಕಟ್ಟುವುದು ಅವರ ಕೆಲಸ. ಪ್ರತಿ ತಂಡಕ್ಕೂ ಇಸ್ರೇಲಿನ ಒಂದು ಊರಿನ ತಂಡ ಜೋಡಿ. ಆ ಮಕ್ಕಳು ಇಲ್ಲಿಗೆ ಬಂದಾಗ ಹೋಟೆಲಿನಲ್ಲಿ ಇಳಿಯುವುದಿಲ್ಲ, ಇವರ ಮನೆಗಳಲ್ಲೇ ಉಳಿಯುತ್ತಾರೆ. ಬೇಸಿಗೆಯಲ್ಲಿ ಇವರು ಅಲ್ಲಿಗೆ ಹೋದಾಗಲೂ ಹಾಗೆಯೇ.

ಇನ್ನೊಂದು ‘ಬ್ರಾನ್ಫ್‌ಮನ್ ಫೆಲೋಶಿಪ್’. ಎಡ್ಗರ್ ಬ್ರಾನ್ಫ್‌ಮನ್ ಎಂಬ ಉದ್ಯಮಿ 1987ರಲ್ಲಿ ಇದನ್ನು ಆರಂಭಿಸಿದರು. ವರ್ಷಕ್ಕೆ 26 ಮಕ್ಕಳಿಗೆ ಅವಕಾಶ. ಕಟ್ಟಾ ಸಂಪ್ರದಾಯದ ಮನೆಯವರು, ದೇವರನ್ನೇ ನಂಬದ ಮನೆಯವರು, ಎರಡರ ನಡುವಿನವರು ಎಲ್ಲರನ್ನೂ ಬೇಕೆಂದೇ ಬೆರೆಸಿ ಆರಿಸುತ್ತಾರೆ. ಒಪ್ಪದವರ ಜೊತೆ ಜಗಳವಾಡದೆ ಮಾತಾಡುವುದನ್ನು ಕಲಿಸುವುದೇ ಇದರ ಉದ್ದೇಶ. ಇಸ್ರೇಲ್–ಪ್ಯಾಲೆಸ್ಟೀನ್ ನೆಲದ ಕಲಹ ಆ ಪ್ರದೇಶವನ್ನು ಇಂದಿಗೂ ಸುಡುತ್ತಿದೆ. ಇಂಥ ಪ್ರವಾಸಗಳು ಮಕ್ಕಳಿಗೆ ಏನನ್ನು ತೋರಿಸಬೇಕು, ಯಾರ ಮಾತು ಕೇಳಿಸಬೇಕು ಎಂಬ ಬಗ್ಗೆ ಯೆಹೂದಿಗಳ ನಡುವೆಯೇ ಬಿರುಸಿನ ಚರ್ಚೆಯಿದೆ. ಹಾಗಾಗಿ ಭಿನ್ನ ಮಾತು ಕೇಳುವ ಅಭ್ಯಾಸ ಅಲ್ಲಿ ಬರೀ ಪಾಠವಾಗಿ ಉಳಿಯುವುದಿಲ್ಲ.

ಊರಿನಲ್ಲೇ ಸೇವೆ ಮಾಡಿದ ಯೆಹೂದಿ ಹದಿಹರೆಯದವರಿಗೆ ಅಮೆರಿಕದಲ್ಲಿ ಒಂದು ಪ್ರಶಸ್ತಿಯೂ ಇದೆ. 2007ರಲ್ಲಿ ಆರಂಭವಾದ ‘ಡಿಲ್ಲರ್ ತಿಕ್ಕುನ್ ಓಲಾಮ್’ ಪ್ರಶಸ್ತಿಯ ಮೊತ್ತ 36,000 ಡಾಲರ್, ಅಂದರೆ 30 ಲಕ್ಷ ರೂಪಾಯಿಗೂ ಹೆಚ್ಚು. ಈ 36ರ ಗುಟ್ಟು ಕೇಳಿ: ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆಯಿದೆ. ‘ಜೀವಂತ’ ಎಂಬ ಅರ್ಥದ ‘ಖಾಯ್’ ಪದದ ಎರಡು ಅಕ್ಷರಗಳನ್ನು ಕೂಡಿದರೆ 18. ಅದರ ಎರಡರಷ್ಟು 36. ನಾವು ಮುಯ್ಯಿಗೆ 101, 501 ಎಂದು ಒಂದು ರೂಪಾಯಿ ಕೂಡಿಸಿ ಕೊಡುವಂತೆ ಅವರು 18ರ ಲೆಕ್ಕದಲ್ಲಿ ಕೊಡುತ್ತಾರೆ.

ಹರಿಹರದಲ್ಲಿ ಹುಟ್ಟಿದ ರೆಬೆಕಾ

ಯೆಹೂದಿ ಎಂದರೆ ದೂರದವರು ಎನ್ನಬೇಕಾಗಿಲ್ಲ. ದಢೇಸುಗೂರಿನ ಮುಂದೆ ಹರಿಯುವ ಇದೇ ತುಂಗಭದ್ರೆಯ ಮೇಲ್ದಂಡೆಯ ಊರು ಹರಿಹರ. ಅಲ್ಲಿ 1889ರಲ್ಲಿ ಹುಟ್ಟಿದ ಯೆಹೂದಿ ಹುಡುಗಿ ರೆಬೆಕಾ ರೂಬೆನ್.

ಆಕೆ ‘ಬೆನೆ ಇಸ್ರೇಲ್’ ಸಮುದಾಯದವರು. ಬಹಳ ಹಿಂದೆ ಕೊಂಕಣ ಕರಾವಳಿಯ ಅಲಿಬಾಗ್ ಬಳಿಯ ನವಗಾಂವ್‌ನಲ್ಲಿ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಬದುಕುಳಿದರು, ಅವರ ಸಂತತಿಯೇ ತಾವು ಎಂಬುದು ಈ ಸಮುದಾಯದ ನಂಬಿಕೆ. ಕೊಂಕಣದಲ್ಲಿ ಅವರು ಗಾಣ ಹಿಡಿದರು. ಧರ್ಮದ ಪ್ರಕಾರ ಶನಿವಾರ ಕೆಲಸವಿಲ್ಲ, ಗಾಣಕ್ಕೂ ರಜೆ. ಅದಕ್ಕೇ ಜನ ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರ ಗಾಣ ಆಡಿಸದ ಗಾಣಿಗರು ಎಂದು ಕರೆದರು. ಮನೆಮಾತು ಮರಾಠಿ. ಬ್ರಿಟಿಷರ ಕಾಲದಲ್ಲಿ ಸೈನ್ಯ, ರೈಲ್ವೆ, ಸರ್ಕಾರಿ ನೌಕರಿ ಹಿಡಿದು ಊರೂರಿಗೆ ಹೋದರು.

ರೆಬೆಕಾ ಪುಣೆಯ ಹುಜೂರಪಾಗಾ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದರು. 1905ರ ಮುಂಬೈ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲಿಗರಾದರು. ಹೆಣ್ಣುಮಗಳೊಬ್ಬಳು ಆ ಪಟ್ಟಿಯ ತುದಿಗೇರಿದ್ದು ಅದೇ ಮೊದಲು. ಆಗ ಆಕೆಯ ವಯಸ್ಸು ಹದಿನಾರರ ಆಸುಪಾಸು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದೇ ಅಪರೂಪವಾಗಿದ್ದ ಕಾಲ. ಮುಂದೆ ಪದವಿ ಮುಗಿಸಿ ಇಂಗ್ಲೆಂಡಿಗೆ ಹೋಗಿ ಲಂಡನ್, ಕೇಂಬ್ರಿಜ್‌ಗಳಲ್ಲಿ ಕಲಿತರು.

ಅಷ್ಟು ಓದಿದವರಿಗೆ ಹೊರಗೆ ದಾರಿಗಳು ಇರಲಿಲ್ಲವೆಂದಲ್ಲ. ಆದರೆ ರೆಬೆಕಾ ಮರಳಿ ಬಂದರು. ಮುಂಬೈಯಲ್ಲಿ ಬೆನೆ ಇಸ್ರೇಲ್ ಮಕ್ಕಳಿಗಾಗಿ 1875ರಲ್ಲಿ ಹುಟ್ಟಿದ ಶಾಲೆಯೊಂದಿತ್ತು. 1922ರಲ್ಲಿ ಅದರ ಪ್ರಾಂಶುಪಾಲರಾದ ಆಕೆ 1950ರವರೆಗೆ, 28 ವರ್ಷ ಅದನ್ನು ನಡೆಸಿದರು. ಮಜಗಾಂವ್‌ನ ಆ ಶಾಲೆ ಈಗ ಸರ್ ಎಲಿ ಕಡೂರಿ ಶಾಲೆ. ಸಮುದಾಯದ ಬಹುತೇಕರು ಇಸ್ರೇಲಿಗೆ ಹೋಗಿ ನೆಲೆಸಿದ್ದಾರೆ. ಇಂದು ಅಲ್ಲಿ ಓದುತ್ತಿರುವ ಮಕ್ಕಳಲ್ಲಿ ಹೆಚ್ಚಿನವರು ಯೆಹೂದಿಗಳಲ್ಲ. ಒಂದು ಚಿಕ್ಕ ಸಮುದಾಯ ತನ್ನ ಮಕ್ಕಳಿಗೆಂದು ಹಚ್ಚಿದ ದೀಪ ಈಗ ನೆರೆಯವರ ಮಕ್ಕಳಿಗೆ ಬೆಳಕು ಕೊಡುತ್ತಿದೆ.

ರೆಬೆಕಾ ಕಾಲದಲ್ಲಿ ‘ಫೆಲೋಶಿಪ್ ಪ್ರವಾಸ’ ಎಂಬ ಮಾತು ಇರಲಿಲ್ಲ. ಆದರೆ ಇಂದಿನ ಫೆಲೋಶಿಪ್‌ಗಳು ಯಾವುದನ್ನು ಬಯಸುತ್ತವೋ ಅದನ್ನು ಆಕೆ ಬಾಳಿ ತೋರಿಸಿದರು: ದೂರ ಹೋಗಿ ಕಲಿತು ಬಂದು, ತನ್ನವರ ನಡುವೆ ಕೆಲಸ ಮಾಡುವುದು.

ಫೋಟೊ ತೆಗೆಸಿಕೊಳ್ಳುವ ಸೇವೆ

ಪರದೇಶದಲ್ಲಿ ಸೇವೆ ಎಂಬುದರಲ್ಲಿ ಕಾಳಿನ ಜೊತೆ ಜೊಳ್ಳೂ ಇದೆ. ಹಣ ಕಟ್ಟಿ ಎರಡು ವಾರ ಬಡ ದೇಶವೊಂದಕ್ಕೆ ಹೋಗಿ, ಗೋಡೆಗೆ ಬಣ್ಣ ಬಳಿದು, ಮಕ್ಕಳನ್ನು ಎತ್ತಿಕೊಂಡು ಫೋಟೊ ತೆಗೆಸಿ ಬರುವುದು ಒಂದು ವ್ಯಾಪಾರವೇ ಆಗಿದೆ. ಕಾಂಬೋಡಿಯಾ, ನೇಪಾಳಗಳಲ್ಲಿ ಇಂಥ ಅತಿಥಿಗಳ ಹಣದ ಆಸೆಗೆ ಅನಾಥಾಲಯಗಳು ಹೆಚ್ಚಾದವು. ಅಲ್ಲಿದ್ದ ಎಷ್ಟೋ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ಬಂದವರು ಅಕ್ಕರೆ ತೋರಿಸಿ ವಿಮಾನ ಹತ್ತಿದರು, ಮಕ್ಕಳು ಮನೆಯಿಂದ ದೂರವೇ ಉಳಿದರು.

ಹದಿನಾರರ ಹುಡುಗನಿಗೆ ಗಾರೆ ಕೆಲಸ ಬರುವುದಿಲ್ಲ. ಅವನು ಕಟ್ಟಿದ ಗೋಡೆಯನ್ನು ಊರ ಗೌಂಡಿ ಮತ್ತೆ ಕಟ್ಟಬೇಕಾಗುತ್ತದೆ. ಹೋದ ಊರನ್ನು ಉದ್ಧಾರ ಮಾಡಲು ಅವನಿಂದ ಆಗದು. ಅಲ್ಲಿನವರ ಮನೆಯಲ್ಲಿ ಉಂಡು, ಅವರ ಮಾತು ಕೇಳಿ, ತನ್ನೂರನ್ನು ಹೊಸ ಕಣ್ಣಿನಿಂದ ನೋಡಲು ಕಲಿತು ಬರುವುದು ಅವನಿಂದ ಆಗುತ್ತದೆ. 15 ತಿಂಗಳಲ್ಲಿ ಮೂರೇ ವಾರ ಪ್ರವಾಸ ಎಂಬ ಲೆಕ್ಕದ ಅರ್ಥ ಇದೇ. ಫೆಲೋಶಿಪ್ ಒಂದನ್ನು ಅಳೆಯಬೇಕಾದರೆ ‘ಎಲ್ಲಿಗೆ ಕರೆದೊಯ್ಯುತ್ತೀರಿ’ ಎಂದಷ್ಟೇ ಕೇಳಬಾರದು, ‘ಮರಳಿ ಬಂದ ಮೇಲೆ ಏನು ಮಾಡಿಸುತ್ತೀರಿ’ ಎಂದೂ ಕೇಳಬೇಕು.

ನಮ್ಮ ಮಕ್ಕಳಿಗೆ ಯಾವ ದಾರಿ?

ಮೇಲಿನ ಫೆಲೋಶಿಪ್‌ಗಳು ಯೆಹೂದಿ ಮಕ್ಕಳಿಗೆ ಮಾತ್ರ. ಆದರೆ ಹಳ್ಳಿಯ ಶಾಲೆ, ಕಾಲೇಜಿನ ಮಕ್ಕಳಿಗೂ ಇದೇ ಬಗೆಯ ದಾರಿಗಳಿವೆ.

ಕೆನಡಿ–ಲೂಗರ್ ಯೆಸ್: ಅಮೆರಿಕ ಸರ್ಕಾರ 2002ರಲ್ಲಿ ಆರಂಭಿಸಿದ ವಿದ್ಯಾರ್ಥಿವೇತನ. ಆಯ್ಕೆಯಾದ ಪ್ರೌಢಶಾಲಾ ಮಕ್ಕಳು ಒಂದು ಶೈಕ್ಷಣಿಕ ವರ್ಷ ಅಮೆರಿಕದ ಮನೆಯೊಂದರಲ್ಲಿದ್ದು, ಅಲ್ಲಿನ ಶಾಲೆಗೆ ಹೋಗಿ, ಸಮಾಜಸೇವೆಯಲ್ಲೂ ತೊಡಗುತ್ತಾರೆ. ವರ್ಷ ಮುಗಿದ ಮೇಲೆ ಊರಿಗೆ ಮರಳಬೇಕು. ಭಾರತದಲ್ಲಿ ಇದನ್ನು ನಡೆಸುತ್ತ ಬಂದದ್ದು ಎ.ಎಫ್.ಎಸ್. ಸಂಸ್ಥೆ. ಅದರ ಹುಟ್ಟೇ ಒಂದು ಸೇವೆಯ ಕಥೆ: ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಸ್ವಯಂಸೇವಕ ಆಂಬುಲೆನ್ಸ್ ಚಾಲಕರ ಗುಂಪು ಅದು. ಎರಡನೇ ಯುದ್ಧದ ನಂತರ, ದೇಶದೇಶಗಳ ಮಕ್ಕಳು ಒಬ್ಬರ ಮನೆಯಲ್ಲೊಬ್ಬರು ಉಂಡು ಬೆಳೆದರೆ ಯುದ್ಧಗಳು ಕಡಿಮೆಯಾದಾವು ಎಂದು ವಿದ್ಯಾರ್ಥಿ ವಿನಿಮಯಕ್ಕೆ ತೊಡಗಿತು.

ಎನ್.ಸಿ.ಸಿ.: ಯುವ ವಿನಿಮಯ ಕಾರ್ಯಕ್ರಮದಡಿ ಆಯ್ದ ಕೆಡೆಟ್‌ಗಳನ್ನು ಹೊರದೇಶಗಳಿಗೆ ಕಳಿಸುತ್ತದೆ. ದೆಹಲಿಯ ಗಣರಾಜ್ಯೋತ್ಸವ ಶಿಬಿರದವರೆಗೆ ಹೋದವರಿಗೆ ಅವಕಾಶ ಹೆಚ್ಚು.

ಸ್ಕೌಟ್ಸ್ ಮತ್ತು ಗೈಡ್ಸ್: ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರಗಳ ಮೆಟ್ಟಿಲು ಹತ್ತಿದವರಿಗೆ ಅಂತರರಾಷ್ಟ್ರೀಯ ಜಾಂಬೂರಿಗಳ ಬಾಗಿಲೂ ತೆರೆಯಬಹುದು.

ಎನ್.ಎಸ್.ಎಸ್.: ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ಶುರುವಾದದ್ದು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಏಳು ದಿನದ ಶಿಬಿರ. ಪಿಯು ಕಾಲೇಜುಗಳಲ್ಲೂ ಘಟಕಗಳಿವೆ. ವಿಮಾನ ಹತ್ತಿಸದಿದ್ದರೂ ಸೇವೆಯ ಅಭ್ಯಾಸಕ್ಕೆ ಇದಕ್ಕಿಂತ ಹತ್ತಿರದ ಬಾಗಿಲಿಲ್ಲ.

ಪಾಲಕರಿಗೆ ಒಂದು ಮಾತು. ನಿಜವಾದ ಫೆಲೋಶಿಪ್‌ನಲ್ಲಿ ಅರ್ಜಿ, ಪ್ರಬಂಧ, ಸಂದರ್ಶನ ಇರುತ್ತದೆ. ‘ಇಷ್ಟು ದುಡ್ಡು ಕೊಡಿ, ಆಯ್ಕೆ ಗ್ಯಾರಂಟಿ’ ಎನ್ನುವವರ ಮಾತಿಗೆ ಮರುಳಾಗಬೇಡಿ. ಮಗು ಯಾರ ಮನೆಯಲ್ಲಿ ಇರುತ್ತದೆ, ಹುಷಾರು ತಪ್ಪಿದರೆ ನೋಡಿಕೊಳ್ಳುವವರು ಯಾರು ಎಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ಸಹಿ ಹಾಕಿ.

ಪರದೇಶ ಪಕ್ಕದಲ್ಲೇ ಇದೆ

ಎಲ್ಲರಿಗೂ ಪಾಸ್‌ಪೋರ್ಟ್ ಬೇಕಿಲ್ಲ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿವೆ. ‘ಹೋಗಿ ಬರ್ತೀನಿ’ ಎನ್ನಲಾಗದೆ ಊರು ಬಿಟ್ಟವರು ಅವರು. ಕಾಲುವೆ ಬಂದ ಮೇಲೆ ಬಂದು ನೆಲೆಸಿದ ತೆಲುಗು ರೈತರ ಕ್ಯಾಂಪ್‌ಗಳಿವೆ. ತಾಂಡಾಗಳಿವೆ. ಒಂದೇ ಬಸ್ಸಿನಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ, ಲಂಬಾಣಿ ಕಿವಿಗೆ ಬೀಳುತ್ತವೆ. ಆದರೆ ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರ ಮಕ್ಕಳು ಕಂಡದ್ದು ಎಷ್ಟು?

ಬೇಸಿಗೆ ರಜೆಯಲ್ಲಿ ಒಂದು ಶಾಲೆ ಇದನ್ನು ಮಾಡಿ ನೋಡಬಹುದು. ದಢೇಸುಗೂರಿನ ಹತ್ತು ಮಕ್ಕಳು ಬಂಗಾಳಿ ಕ್ಯಾಂಪಿನ ಹತ್ತು ಮನೆಗಳಲ್ಲಿ ಮೂರು ದಿನ ಇದ್ದು ಬರಲಿ. ಆಮೇಲೆ ಅಲ್ಲಿನ ಹತ್ತು ಮಕ್ಕಳು ಇಲ್ಲಿಗೆ ಬರಲಿ. ಇಪ್ಪತ್ತೂ ಮಂದಿ ಸೇರಿ ಒಂದು ಕೆಲಸ ಹಿಡಿಯಲಿ. ಗುಳೆ ಹೋಗಿ ಬಂದು ಪಾಠ ತಪ್ಪಿಸಿಕೊಂಡ ಚಿಕ್ಕ ಮಕ್ಕಳಿಗೆ ಸಂಜೆ ಹೊತ್ತು ಓದು, ಲೆಕ್ಕ ಹೇಳಿಕೊಡುವುದಾದರೂ ಸಾಕು. ಮುಂದೆ ಅವರಲ್ಲಿ ಯಾರಾದರೂ ಫೆಲೋಶಿಪ್‌ಗೆ ಅರ್ಜಿ ಹಾಕಿದರೆ, ‘ನೀನು ಮಾಡಿದ ಸೇವೆ ಏನು?’ ಎಂಬ ಪ್ರಶ್ನೆಯ ಕೆಳಗೆ ಬರೆಯಲು ಅವರ ಹತ್ತಿರ ನಿಜವಾದ ಉತ್ತರ ಇರುತ್ತದೆ.