ಕಾನೂನು ವಿದ್ಯಾರ್ಥಿಗಳ ವಿದ್ವತ್ ಲೇಖನ: ರಚನೆ ಮತ್ತು ಪ್ರಕಟಣೆಯ ಕ್ರಮ

ವಿದ್ವತ್ ಪತ್ರಿಕೆಗಳನ್ನು ಆಯಾ ವಿಷಯದ ಹಿರಿಯ ವಿದ್ವಾಂಸರು ಸಂಪಾದಿಸುವುದು ಬಹುತೇಕ ಜ್ಞಾನಶಾಖೆಗಳಲ್ಲಿ ಕಂಡುಬರುವ ವಾಡಿಕೆ. ಕಾನೂನಿನ ಅಧ್ಯಯನದಲ್ಲಿ ಈ ವಾಡಿಕೆಗೆ ದೊಡ್ಡದೊಂದು ಅಪವಾದವಿದೆ. ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆಯಲ್ಲಿ ೧೮೮೭ರಲ್ಲಿ ಆರಂಭವಾದ ‘ಹಾರ್ವರ್ಡ್ ಲಾ ರಿವ್ಯೂ’ ಇಂದಿಗೂ ವಿದ್ಯಾರ್ಥಿಗಳ ಸಂಪಾದಕತ್ವದಲ್ಲಿಯೇ ನಡೆಯುತ್ತಿದೆ. ೧೮೯೦ರಲ್ಲಿ ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಇಬ್ಬರು ಖಾಸಗಿತನದ ಹಕ್ಕನ್ನು ಕುರಿತು ಈ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿ, ೨೦೧೭ರ ಆಗಸ್ಟ್ ೨೪ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದಾಗ, ಆ ತೀರ್ಪಿನಲ್ಲಿ ಈ ಲೇಖನದ ವಿಚಾರವೂ ಚರ್ಚೆಗೆ ಬಂದಿತು. ವಿದ್ಯಾರ್ಥಿಗಳು ನಡೆಸುವ ಪತ್ರಿಕೆಯಲ್ಲಿ ಅಚ್ಚಾದ ಮಾತು ೧೨೭ ವರ್ಷಗಳ ನಂತರ ಮತ್ತೊಂದು ದೇಶದ ನ್ಯಾಯಪೀಠವನ್ನು ತಲುಪಿತೆಂಬುದು ಗಮನಾರ್ಹ.

ಈ ಪರಂಪರೆ ಭಾರತದಲ್ಲಿಯೂ ನೆಲೆಗೊಂಡಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ‘ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ’, ಕೋಲ್ಕತ್ತೆಯ ‘ಎನ್‌ಯುಜೆಎಸ್ ಲಾ ರಿವ್ಯೂ’ ಮೊದಲಾದವು ವಿದ್ಯಾರ್ಥಿ ಸಂಪಾದಿತ ಪತ್ರಿಕೆಗಳು. ಆದರೂ ಲೇಖನ ಪ್ರಕಟಣೆಯು ಮಹಾನಗರದ ಪ್ರತಿಷ್ಠಿತ ಸಂಸ್ಥೆಗಳವರಿಗೆ ಮಾತ್ರ ಸಾಧ್ಯವೆಂಬ ಭಾವನೆ ಜಿಲ್ಲಾ ಕೇಂದ್ರಗಳ ಕಾನೂನು ಕಾಲೇಜುಗಳಲ್ಲಿ, ಅದರಲ್ಲಿಯೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಲ್ಲಿ, ಉಳಿದುಕೊಂಡಿದೆ. ಲೇಖನವನ್ನು ಸಿದ್ಧಪಡಿಸಿ ಸಲ್ಲಿಸುವ ಕ್ರಮವನ್ನು ಅರಿತರೆ ಈ ಭಾವನೆಗೆ ಹೆಚ್ಚಿನ ಆಧಾರವಿಲ್ಲವೆಂಬುದು ಸ್ಪಷ್ಟವಾಗುತ್ತದೆ.

೧. ವಿಷಯದ ಆಯ್ಕೆ

ಕಾನೂನು ಪತ್ರಿಕೆಗಳು ದೀರ್ಘ ಲೇಖನ, ಕಿರುಲೇಖನ, ತೀರ್ಪಿನ ವಿಮರ್ಶೆ, ಶಾಸನದ ವಿಮರ್ಶೆ, ಗ್ರಂಥ ವಿಮರ್ಶೆ ಎಂಬ ಪ್ರಕಾರಗಳನ್ನು ಸ್ವೀಕರಿಸುತ್ತವೆ. ಮೊದಲ ಬಾರಿಗೆ ಬರೆಯುವವರಿಗೆ ತೀರ್ಪಿನ ವಿಮರ್ಶೆ ಹೆಚ್ಚು ಅನುಕೂಲ. ಅದರ ವ್ಯಾಪ್ತಿ ಪರಿಮಿತ, ಆಕರ ನಿಶ್ಚಿತ. ಆದರೆ ತೀರ್ಪಿನ ಸಾರವನ್ನು ಹೇಳುವುದು ವಿಮರ್ಶೆಯಲ್ಲ. ತೀರ್ಪು ಬಿಡಿಸದೆ ಉಳಿಸಿದ ಒಂದು ಪ್ರಶ್ನೆಯನ್ನು ಗುರುತಿಸಿ, ಅದಕ್ಕೆ ಒಂದು ಉತ್ತರವನ್ನು ವಾದಿಸಿ ತೋರಿಸುವುದೇ ಲೇಖನದ ಪ್ರಾಣ.

ಕನ್ನಡ ಬಲ್ಲ ವಿದ್ಯಾರ್ಥಿಗೆ ಇಲ್ಲಿ ವಿಶೇಷವಾದ ಅನುಕೂಲವೊಂದಿದೆ. ಕರ್ನಾಟಕ ಭೂಸುಧಾರಣಾ ಕಾಯಿದೆ, ೧೯೬೧ಕ್ಕೆ ೧೯೭೪ರಲ್ಲಿ ಜಾರಿಗೆ ಬಂದ ತಿದ್ದುಪಡಿಯನ್ನು ಉದಾಹರಣೆಯಾಗಿ ನೋಡಬಹುದು. ಗೇಣಿದಾರರು ನಮೂನೆ ೭ರಲ್ಲಿ ಸಲ್ಲಿಸಿದ ಅರ್ಜಿಗಳನ್ನು ಭೂನ್ಯಾಯಮಂಡಳಿಗಳು ವಿಚಾರಣೆ ಮಾಡಿದವು. ಕೃಷಿಭೂಮಿ ಖರೀದಿಯ ಮೇಲಿದ್ದ ನಿರ್ಬಂಧಗಳನ್ನು ೨೦೨೦ರ ತಿದ್ದುಪಡಿಯು ತೆಗೆದುಹಾಕಿದ ಮೇಲೆ, ಹಿಂದಿನ ಆ ವ್ಯವಸ್ಥೆ ಸಾಧಿಸಿದ್ದೇನೆಂಬ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿದೆ. ಇದಕ್ಕೆ ಉತ್ತರ ಹುಡುಕುವವರು ಪಹಣಿ, ಸಾಕ್ಷಿಗಳ ಹೇಳಿಕೆ, ಮಂಡಳಿಯ ಆದೇಶಗಳಂತಹ ಕನ್ನಡ ದಾಖಲೆಗಳನ್ನು ಓದಬಲ್ಲವರಾಗಿರಬೇಕು. ವರದಿಯಾದ ತೀರ್ಪುಗಳನ್ನಷ್ಟೇ ಇಂಗ್ಲಿಷಿನಲ್ಲಿ ಓದುವ ಸಂಶೋಧಕನಿಗೆ ನಿಲುಕದ ಸಾಮಗ್ರಿ ಇದು. ಇಂತಹ ಆಕರವನ್ನು ಇಂಗ್ಲಿಷ್ ಲೇಖನದಲ್ಲಿ ಬಳಸುವಾಗ ಮೂಲದ ವಿವರವನ್ನು ಕೊಟ್ಟು, ಅನುವಾದ ಲೇಖಕರದೇ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಬೇಕು.

೨. ಆಕರ ಮತ್ತು ಉಲ್ಲೇಖ

ಸರ್ವೋಚ್ಚ ನ್ಯಾಯಾಲಯದ ಅಧಿಕೃತ ತೀರ್ಪು ವರದಿಗಳು ೨೦೨೩ರಿಂದ ಇ-ಎಸ್‌ಸಿಆರ್ ಯೋಜನೆಯ ಮೂಲಕ ಉಚಿತವಾಗಿ ದೊರೆಯುತ್ತಿರುವುದರಿಂದ, ದುಬಾರಿ ಗ್ರಂಥಾಲಯ ಸೌಲಭ್ಯವಿಲ್ಲದ ಕಾಲೇಜುಗಳ ಕೊರತೆ ಬಹುಮಟ್ಟಿಗೆ ನೀಗಿದೆ. ತೀರ್ಪುಗಳ ಕನ್ನಡ ಅನುವಾದಗಳು ಅರ್ಥಗ್ರಹಣಕ್ಕೆ ಸಹಾಯಕ. ಆದರೆ ಸಂವಿಧಾನದ ೩೪೮ನೆಯ ಅನುಚ್ಛೇದದ ಮೇರೆಗೆ ಈ ನ್ಯಾಯಾಲಯದ ನಡವಳಿಯ ಭಾಷೆ ಇಂಗ್ಲಿಷ್ ಆಗಿರುವುದರಿಂದ, ವಾದಕ್ಕೆ ಆಧಾರವಾಗಿ ಮೂಲ ಪಾಠವನ್ನೇ ಉಲ್ಲೇಖಿಸಬೇಕು.

ಉಲ್ಲೇಖದ ಪದ್ಧತಿಯನ್ನು ಪತ್ರಿಕೆಯೇ ಗೊತ್ತುಪಡಿಸುತ್ತದೆ. ಅಮೆರಿಕದಲ್ಲಿ ೧೯೨೬ರಿಂದ ಬಳಕೆಯಲ್ಲಿರುವ ‘ಬ್ಲೂಬುಕ್’ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ‘ಆಸ್ಕೋಲಾ’ ಹೆಚ್ಚು ಪ್ರಚಲಿತವಾದವು. ಪುಟ್ಟಸ್ವಾಮಿ ಪ್ರಕರಣವನ್ನು (೨೦೧೭) ೧೦ ಎಸ್‌ಸಿಸಿ ೧ ಎಂದು ಉಲ್ಲೇಖಿಸುವುದುಂಟು. ವರ್ಷ, ‘ಸುಪ್ರೀಂ ಕೋರ್ಟ್ ಕೇಸಸ್’ ವರದಿಮಾಲೆಯ ಹತ್ತನೆಯ ಸಂಪುಟ, ಮೊದಲ ಪುಟ ಎಂಬುದು ಇದರ ಅರ್ಥ. ಇಷ್ಟಕ್ಕೇ ನಿಲ್ಲಿಸದೆ ಅವಲಂಬಿಸಿದ ಕಂಡಿಕೆಯ ಸಂಖ್ಯೆಯನ್ನೂ ಕೊಡಬೇಕು. ನೂರಾರು ಪುಟಗಳ ತೀರ್ಪಿನಲ್ಲಿ ಓದುಗನು ಆಧಾರವನ್ನು ಹುಡುಕುವಂತಾಗಬಾರದು.

ಇತರರ ಲೇಖನದಲ್ಲಿ ಕಂಡ ಉಲ್ಲೇಖವನ್ನು ಮೂಲ ನೋಡದೆ ನಕಲಿಸುವುದು ಹಳೆಯ ದೋಷ. ಈಗ ಯಂತ್ರರಚಿತ ಬರವಣಿಗೆಯಿಂದ ಅದು ಇನ್ನಷ್ಟು ಅಪಾಯಕಾರಿಯಾಗಿದೆ. ೨೦೨೩ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ‘ಮಾಟಾ ವಿರುದ್ಧ ಏವಿಯಾಂಕಾ’ ಪ್ರಕರಣದಲ್ಲಿ, ಚಾಟ್‌ಜಿಪಿಟಿ ಸೃಷ್ಟಿಸಿದ ಅಸ್ತಿತ್ವವೇ ಇಲ್ಲದ ತೀರ್ಪುಗಳನ್ನು ಆಧಾರವಾಗಿ ಸಲ್ಲಿಸಿದ ವಕೀಲರಿಗೆ ೫,೦೦೦ ಡಾಲರ್ ದಂಡ ವಿಧಿಸಿತು. ಕಣ್ಣಾರೆ ಓದದ ತೀರ್ಪನ್ನು ಉಲ್ಲೇಖಿಸಕೂಡದೆಂಬ ನಿಯಮಕ್ಕೆ ವಿನಾಯಿತಿಯಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೧೮ರ ಕೃತಿಚೌರ್ಯ ತಡೆ ನಿಯಮಾವಳಿಯು ಶೇಕಡ ೧೦ರವರೆಗಿನ ಸಾಮ್ಯಕ್ಕೆ ದಂಡ ವಿಧಿಸುವುದಿಲ್ಲ. ಇದನ್ನು ಅನುಮತಿಯೆಂದು ಭಾವಿಸುವುದು ತಪ್ಪು. ಬೇರೊಬ್ಬರ ವಾದವನ್ನು ಸ್ವಂತ ಮಾತುಗಳಲ್ಲಿ ಹೇಳಿ ಅವರ ಹೆಸರನ್ನು ಮರೆಮಾಚಿದರೆ ಸಾಮ್ಯದ ಪ್ರಮಾಣ ಶೂನ್ಯವಿರಬಹುದು, ಚೌರ್ಯ ಮಾತ್ರ ಪೂರ್ಣ.

೩. ಸಲ್ಲಿಕೆ ಮತ್ತು ಪರಿಶೀಲನೆ

ಲೇಖನವನ್ನು ಕಳುಹಿಸುವ ಮುನ್ನ ಪತ್ರಿಕೆಯ ಇತ್ತೀಚಿನ ಕೆಲವು ಸಂಚಿಕೆಗಳನ್ನು ಓದುವುದು ಅವಶ್ಯ. ವಿಷಯವ್ಯಾಪ್ತಿ, ಪದಮಿತಿ, ಸಹಲೇಖಕರ ಸಂಖ್ಯೆ ಇವುಗಳಲ್ಲಿ ಪತ್ರಿಕೆಯಿಂದ ಪತ್ರಿಕೆಗೆ ವ್ಯತ್ಯಾಸವಿರುತ್ತದೆ. ಲೇಖನದೊಡನೆ ಸಾಮಾನ್ಯವಾಗಿ ಸಾರಾಂಶವನ್ನೂ, ಲೇಖಕರ ವಿವರವುಳ್ಳ ಪ್ರತ್ಯೇಕ ಪತ್ರವನ್ನೂ ಕೇಳುತ್ತಾರೆ. ಸಾರಾಂಶದಲ್ಲಿ ವಿಷಯದ ಹೆಸರಿದ್ದರೆ ಸಾಲದು. ವಾದದ ನಿರ್ಣಯವೂ ಇರಬೇಕು.

ಹಲವು ಪತ್ರಿಕೆಗಳು ಲೇಖಕರ ಗುರುತನ್ನು ಪರಿಶೀಲಕರಿಗೆ ತಿಳಿಸುವುದಿಲ್ಲ. ಆದಕಾರಣ ಲೇಖನದ ಕಡತದಲ್ಲಿ ಹೆಸರು, ಕಾಲೇಜು, ಕೃತಜ್ಞತೆ, ಗಣಕಯಂತ್ರವು ತಾನಾಗಿ ದಾಖಲಿಸುವ ಲೇಖಕನಾಮ ಯಾವುದೂ ಉಳಿಯಬಾರದು. ಸಣ್ಣ ಊರಿನ ವಿದ್ಯಾರ್ಥಿಗೆ ಈ ಅನಾಮಕತೆಯೇ ದೊಡ್ಡ ರಕ್ಷಣೆ. ಪರಿಶೀಲಕರ ಮುಂದೆ ಇರುವುದು ವಾದವೊಂದೇ.

ಒಂದು ಲೇಖನವನ್ನು ಏಕಕಾಲಕ್ಕೆ ಹಲವು ಪತ್ರಿಕೆಗಳಿಗೆ ಕಳುಹಿಸುವುದು ಅಮೆರಿಕದ ವಿದ್ಯಾರ್ಥಿ ಸಂಪಾದಿತ ಪತ್ರಿಕೆಗಳಲ್ಲಿ ರೂಢಿ. ಆ ದೇಶದ ಕೈಪಿಡಿಗಳನ್ನು ಓದಿ ಇಲ್ಲಿಯೂ ಹಾಗೆ ಮಾಡಿದರೆ ಲೇಖನ ತಿರಸ್ಕೃತವಾಗುವ ಸಂಭವವಿದೆ. ಬೇರೆಲ್ಲಿಯೂ ಪರಿಶೀಲನೆಯಲ್ಲಿಲ್ಲವೆಂಬ ಘೋಷಣೆಯನ್ನು ಭಾರತದ ಅನೇಕ ಪತ್ರಿಕೆಗಳು ಕೇಳುತ್ತವೆ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಪರಿಷ್ಕರಣೆಗೆ ಸೂಚಿಸಿದರೆ ಪ್ರತಿಯೊಂದು ಆಕ್ಷೇಪಕ್ಕೂ ಮಾಡಿದ ಬದಲಾವಣೆಯನ್ನು, ಒಪ್ಪದಿದ್ದಲ್ಲಿ ಅದರ ಕಾರಣವನ್ನು, ಕ್ರಮವಾಗಿ ಬರೆದು ಒಪ್ಪಿಸಬೇಕು. ತಿರಸ್ಕೃತವಾದರೂ ಪರಿಶೀಲಕರ ಟಿಪ್ಪಣಿ ಮುಂದಿನ ಸಲ್ಲಿಕೆಗೆ ನೆರವಾಗುತ್ತದೆ.

ಹಣ ಪಡೆದು ಕೆಲವೇ ದಿನಗಳಲ್ಲಿ, ಯಾವ ತಿದ್ದುಪಡಿಯನ್ನೂ ಸೂಚಿಸದೆ ಪ್ರಕಟಿಸುವ ಪತ್ರಿಕೆಗಳಿಂದ ದೂರವಿರಬೇಕು. ಮಾನ್ಯ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಆಯೋಗವು ೨೦೨೫ರಲ್ಲಿ ಕೈಬಿಟ್ಟಿರುವುದರಿಂದ ವಿವೇಚನೆಯ ಹೊಣೆ ಹೆಚ್ಚಾಗಿದೆ. ಸಂಪಾದಕ ಮಂಡಳಿಯ ಹೆಸರುಗಳು ನಿಜವೇ, ಹಿಂದಿನ ಸಂಚಿಕೆಗಳು ಓದಲು ದೊರೆಯುತ್ತವೆಯೇ, ಪರಿಶೀಲನೆಯ ಕ್ರಮವನ್ನು ಬಹಿರಂಗಪಡಿಸಲಾಗಿದೆಯೇ ಎಂಬುದನ್ನು ಲೇಖಕರು ಸ್ವತಃ ಪರೀಕ್ಷಿಸಬೇಕು.

ಒಟ್ಟಿನಲ್ಲಿ, ಪ್ರಕಟಣೆಯು ಅರ್ಹತಾಪಟ್ಟಿಗೆ ಸೇರಿಸುವ ಮತ್ತೊಂದು ಸಾಲಲ್ಲ. ಕಾನೂನಿನ ಬರವಣಿಗೆಯನ್ನು ವಕೀಲರು ನಂಬುತ್ತಾರೆ, ನ್ಯಾಯಾಲಯಗಳು ಉಲ್ಲೇಖಿಸುತ್ತವೆ. ಅಲ್ಲಿಯ ತಪ್ಪಿನ ಫಲವನ್ನು ಉಣ್ಣುವವರು ಕಕ್ಷಿದಾರರು. ಭೂನ್ಯಾಯಮಂಡಳಿಯ ಕಡತಗಳಲ್ಲಿರುವ ಗೇಣಿದಾರನ ಮಾತು ವಿದ್ವತ್ ಚರ್ಚೆಯನ್ನು ಸೇರಬೇಕಾದರೆ, ಅದನ್ನು ಓದಬಲ್ಲ ವಿದ್ಯಾರ್ಥಿಯು ಪ್ರಕಟಣೆಯ ಈ ಶಿಸ್ತನ್ನು ಮೊದಲು ತನ್ನದಾಗಿಸಿಕೊಳ್ಳಬೇಕು.