ಹನ್ನೊಂದು ಸಾಲಿನ ಪಾಠ

ವಿದ್ಯಾರ್ಥಿಗಳೇ, ಮೊಬೈಲಿನ ಆಪೊಂದನ್ನು ಅದರ ಕರ್ತೃವೇ ಆದಿಯಿಂದ ಅಂತ್ಯದವರೆಗೆ ಬರೆದಿರುವನೆಂದು ತಿಳಿಯಬೇಡಿರಿ. ಚಿತ್ರ ತೋರಿಸಲು, ದಿನಾಂಕ ಎಣಿಸಲು ಅನ್ಯರು ಬರೆದಿಟ್ಟ ಸಿದ್ಧಭಾಗಗಳನ್ನು ಅವನು ತರಿಸಿಕೊಳ್ಳುತ್ತಾನೆ. ಹೀಗೆ ನೆಚ್ಚಿದ ಭಾಗಗಳಿಗೆ ‘ಡಿಪೆಂಡೆನ್ಸಿ’ ಎಂದು ಹೆಸರು. ಒಂದು ಭಾಗವು ಮತ್ತೊಂದನ್ನೂ, ಅದು ಮಗುದೊಂದನ್ನೂ ಬೇಡುವುದುಂಟು.

2016ರ ಮಾರ್ಚ್ 22ರಂದು ನಡೆದ ಸಂಗತಿಯನ್ನು ಕೇಳಿರಿ. ಎನ್‌ಪಿಎಂ ಎಂಬ ಭಂಡಾರದಿಂದ ‘ಲೆಫ್ಟ್‌ಪ್ಯಾಡ್’ ಎಂಬ ಭಾಗವನ್ನು ಅದರ ಕರ್ತೃ ಹಿಂದೆಗೆದುಕೊಂಡನು. ಇದ್ದುದು 11 ಸಾಲು. ಅಕ್ಷರಗಳ ಎಡಬದಿಯಲ್ಲಿ ಸೊನ್ನೆಯನ್ನೋ ತೆರಪನ್ನೋ ತುಂಬುವುದಷ್ಟೇ ಅದರ ಕೆಲಸ. ಆದರೆ ಮೊಬೈಲ್ ಆಪುಗಳನ್ನು ಕಟ್ಟುವ ‘ರಿಯಾಕ್ಟ್ ನೇಟಿವ್’ ಸಹ ಇತರ ಭಾಗಗಳ ಮೂಲಕ ಅದನ್ನೇ ನೆಚ್ಚಿತ್ತು. ಅನೇಕ ಕಡೆ ಕಟ್ಟುವ ಕೆಲಸವೇ ನಿಂತಿತು. ಬೇರೊಬ್ಬರು ಕೂಡಲೇ ಅಂಥದೇ ಭಾಗವನ್ನು 1.0.0 ಎಂಬ ಆವೃತ್ತಿಯಾಗಿ ಇರಿಸಿದರೂ ಸಾಲದಾಯಿತು. ಹಲವರು ಬೇಡುತ್ತಿದ್ದುದು 0.0.3ನ್ನು. ಕೆಲವು ಗಂಟೆಗಳಲ್ಲಿ ಭಂಡಾರದವರು ಹಳೆಯದನ್ನೇ ಮರಳಿ ಇರಿಸಿದರು.

ಇದರಿಂದ ತಿಳಿಯತಕ್ಕುದೇನು? ತಾನೇ ಬರೆಯಬಲ್ಲ ಚಿಕ್ಕ ಭಾಗವನ್ನು ತರಿಸಬಾರದು. ತರಿಸಿದ ಪ್ರತಿಯೊಂದರ ಆವೃತ್ತಿಯನ್ನೂ ‘ಲಾಕ್ ಫೈಲ್’ ಎಂಬ ಪಟ್ಟಿಯಲ್ಲಿ ದಾಖಲಿಸಬೇಕು. ಆಗ ಗೆಳೆಯನ ಯಂತ್ರದಲ್ಲಿಯೂ ಅವೇ ಆವೃತ್ತಿಗಳು ಬರುವುವು. ಆದರೆ ಭಂಡಾರದಲ್ಲಿಯೇ ಇಲ್ಲದುದನ್ನು ಪಟ್ಟಿಯು ತರಲಾರದು. ಆದುದರಿಂದ ಒಂದು ಪ್ರತಿಯನ್ನು ತನ್ನಲ್ಲಿಯೂ ಕಾಪಾಡಬೇಕು. ಹಳೆಯ ಆವೃತ್ತಿಯಲ್ಲಿ ಭದ್ರತೆಯ ದೋಷ ಕಂಡುಬಂದರೆ, ಹೊಸದನ್ನು ಪರೀಕ್ಷಿಸಿ ಬದಲಿಸಬೇಕು.

ಪರರ ನೆರವು ಪಡೆಯುವುದು ಕುಂದಲ್ಲ. ಯಾರಿಂದ ಏನನ್ನು ಪಡೆದಿದ್ದೇವೆಂಬ ಲೆಕ್ಕವನ್ನಿಡದಿರುವುದೇ ಕುಂದು. ನಿಮ್ಮಲ್ಲಿ ಯಾರಾದರೂ ಮುಂದೆ ಆಪನ್ನು ಕಟ್ಟುವಿರಾದರೆ, ಮೊದಲ ದಿನವೇ ಆ ಲೆಕ್ಕವನ್ನು ಆರಂಭಿಸಿರಿ.