ಪಾರ್ಲರ್ ಕೈಕೊಟ್ಟರೆ ಜಡೆ ಮನೆಯವರ ಕೈಗೆ

ಹೇರ್ ಟ್ರಯಲ್ ಎಂಬುದು ಮದುವೆ ಖರ್ಚಿನ ಪಟ್ಟಿಗೆ ಈಚೆಗೆ ಸೇರಿದ ಬಾಬತ್ತು. ದುಡ್ಡು ಕೊಟ್ಟು, ಅರ್ಧ ದಿನ ಕೂತು, ಕೊನೆಗೆ ಕನ್ನಡಿ ನೋಡಿದರೆ ಫೋನಿನಲ್ಲಿ ತೋರಿಸಿದ್ದೇ ಒಂದು, ತಲೆಯ ಮೇಲೆ ಎದ್ದಿದ್ದೇ ಇನ್ನೊಂದು. ನಮ್ಮ ನೆಂಟರ ಹುಡುಗಿಯೊಬ್ಬಳು ಹಾಗೇ ಮನೆಗೆ ಬಂದಳು. ಮುಂದೆ ಹಕ್ಕಿಗೂಡಿನಂಥ ಪಫ್, ಹಿಂದೆ ಅರ್ಧ ಬಿಚ್ಚಿಕೊಂಡ ಗುಂಗುರು. ಅವಳ ಚಿಕ್ಕಮ್ಮ ಒಂದು ಸುತ್ತು ನೋಡಿ, 'ಬಿಡೇ, ನಾನೇ ಜಡೆ ಹಾಕ್ತೀನಿ' ಅಂದರು. ಮುಹೂರ್ತಕ್ಕೆ ಅದೇ ಆಯಿತು.

ಪಾರ್ಲರಿನವರನ್ನೇ ಪೂರ್ತಿ ದೂರುವಂತಿಲ್ಲ. ಫೋಟೊದ ಚೆಲುವೆಯ ತಲೆಯಲ್ಲಿ ಎಷ್ಟೋ ಸಲ ಅರ್ಧ ಕೂದಲು ಅಂಟಿಸಿದ್ದೇ ಇರುತ್ತದೆ. ಗುಂಗುರಿನ ಕಥೆಯೂ ಅಷ್ಟೆ. ಬಿಸಿ ತಾಗಿದಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಸಡಿಲಾಗಿ, ಆರುವಾಗ ಹೊಸ ಆಕಾರದಲ್ಲಿ ಕೂಡಿಕೊಳ್ಳುತ್ತವೆ. ತೇವ ತಾಗಿತೋ, ಮತ್ತೆ ಬಿಚ್ಚಿಕೊಳ್ಳುತ್ತವೆ. ಎ.ಸಿ. ಕೋಣೆಯಲ್ಲಿ ಚೆಂದ ಕಂಡ ಸುರುಳಿ ಮೇ ತಿಂಗಳ ಮಂಗಳೂರಿನಲ್ಲಿ ಛತ್ರದ ಬಾಗಿಲು ಮುಟ್ಟುವ ಮೊದಲೇ ಜೋತುಬೀಳುವುದು ಅದಕ್ಕೇ.

ನನ್ನ ತಕರಾರು ಬೇರೆ. ಚೂಡಿದಾರ್ ಹಾಕಿಕೊಂಡು, ಹೂವಿಲ್ಲದೆ, ಬಾಸಿಂಗವಿಲ್ಲದೆ ಕುರ್ಚಿಯಲ್ಲಿ ಕೂತು ಮಾಡಿಸಿಕೊಂಡ ಟ್ರಯಲ್ ಧಾರೆಯ ಬಗ್ಗೆ ಏನು ಹೇಳೀತು? ಹಲವು ಮನೆತನಗಳಲ್ಲಿ ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಸ್ಪ್ರೇ ಹೊಡೆದ ಕೂದಲಿಗೆ ಬೆಲ್ಲ ಮೆತ್ತಿಕೊಂಡರೆ ಬಿಡಿಸುವವರಾರು? ಮೇಲಿಂದ ಅಕ್ಷತೆ. ತಾಳಿ ಕಟ್ಟುವಾಗಲಂತೂ ಹಿಂದೆ ನಿಂತವರು ಜಡೆ ಎತ್ತಿ ಹಿಡಿಯಬೇಕು. ಹೆಣೆದ ಜಡೆಯಾದರೆ ಒಂದೇ ಕೈಗೆ ಬರುತ್ತದೆ. ಇಳಿಬಿಟ್ಟ ಗುಂಗುರಾದರೆ ಎರಡೆಳೆ ಅರಿಶಿನ ದಾರದ ಗಂಟಿಗೇ ಸಿಕ್ಕಿಕೊಂಡು, ಮದುಮಗಳು 'ಆಹ್' ಅನ್ನುವುದು ವಿಡಿಯೊದಲ್ಲಿ ಶಾಶ್ವತ.

ಮನೆಯಲ್ಲೇ ಹಾಕಿಕೊಳ್ಳುವುದಾದರೆ ತಲೆಸ್ನಾನ ಹಿಂದಿನ ದಿನವೇ ಮುಗಿಯಲಿ. ಆಗಷ್ಟೇ ತೊಳೆದ ಕೂದಲು ಜಾರುತ್ತದೆ, ಪಿನ್ನು ನಿಲ್ಲುವುದಿಲ್ಲ. (ಶಾಸ್ತ್ರಕ್ಕೆ ಬೆಳಿಗ್ಗೆ ಎಣ್ಣೆಸ್ನಾನ ಆಗಲೇಬೇಕು ಎನ್ನುವ ಅಜ್ಜಿಯಿದ್ದರೆ ಎರಡು ಹನಿ ನೆತ್ತಿಗೆ ಮುಟ್ಟಿಸಿ ರಾಜಿಯಾಗಿ.) ಬೈತಲೆ ತೆಗೆದು, ಕತ್ತಿನ ಬುಡದಲ್ಲಿ ರಬ್ಬರ್ ಬ್ಯಾಂಡಿನಿಂದ ಬಿಗಿದು, ಚೌರಿಯನ್ನು ಅಲ್ಲಿಂದಲೇ ಸೇರಿಸಿ ಹೆಣೆಯಬೇಕು, ಅರ್ಧದಲ್ಲಿ ಸೇರಿಸಿದ ಚೌರಿ ಹೂವಿನ ಭಾರಕ್ಕೆ ಜಾರಿ ಬರುತ್ತದೆ. ಪಿನ್ನಿನ ಅಲೆಯಲೆಯಾದ ಮಗ್ಗುಲು ತಲೆಯ ಕಡೆಗಿರಲಿ. ಬಹಳ ಮಂದಿ ತಿರುವುಮುರುವಾಗಿ ಸಿಕ್ಕಿಸಿ ಆಮೇಲೆ ಪಿನ್ನನ್ನೇ ಬೈಯುತ್ತಾರೆ.

ಮೊಗ್ಗಿನ ಜಡೆಗೆ ಹೆದರಬೇಕಿಲ್ಲ. ಅದನ್ನು ಬಾಳೆಪಟ್ಟೆಯ ಮೇಲೋ ರಟ್ಟಿನ ಮೇಲೋ ಬೇರೆಯಾಗಿ ಹೊಲಿದು, ಹೆಣೆದ ಜಡೆಯ ಮೇಲಿಟ್ಟು ಕಟ್ಟುವುದು. ಕೆಳಗಿನ ಹೆಣಿಗೆ ಗಟ್ಟಿಯಿದ್ದರೆ ಸಾಕು, ಅಂದ ಹೂವಾಡಗಿತ್ತಿಯ ಪಾಲು. ಉಡುಪಿ ಸೀಮೆಯವರಾದರೆ ಶಂಕರಪುರ ಮಲ್ಲಿಗೆಯ ಲೆಕ್ಕ ತಿಳಿದಿರಲಿ: ಅಟ್ಟೆಗೆ 4 ಚೆಂಡು, ಚೆಂಡಿಗೆ 800 ಹೂ. ಮದುವೆ ದಿನಗಳಲ್ಲಿ ದರ ಏರುವುದರಿಂದ ಮೊದಲೇ ಹೇಳಿಡುವುದು ಜಾಣತನ. ಮಲ್ಲಿಗೆ ಮೊಗ್ಗು ಅರಳುವುದು ಸಂಜೆಯ ಮೇಲೆ. ಬೆಳಗಿನ ಮುಹೂರ್ತಕ್ಕೆ ಮೊಗ್ಗಾಗಿಯೇ ಇರಬೇಕೆಂದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ.

ತನ್ನ ಬೆನ್ನು ತನಗೆ ಕಾಣದು. ಹಾಗಾಗಿ ಇನ್ನೊಂದು ಜೊತೆ ಕೈ ಬೇಕೇ ಬೇಕು. ಅಕ್ಕನೋ ಅತ್ತಿಗೆಯೋ, ಯಾರೇ ಆಗಲಿ, ಒಂದು ಭಾನುವಾರ ಕೂರಿಸಿಕೊಂಡು ಅಭ್ಯಾಸ ಮಾಡಲಿ. ಸೀರೆಯುಟ್ಟು, ಹೂ ಕಟ್ಟಿ, ಮಣೆಯ ಮೇಲೆ ಕೂತು, ಹಿರಿಯರ ಕಾಲಿಗೆ ಬಗ್ಗಿ ನೋಡಬೇಕು. ಎಲ್ಲಿ ಎಳೆಯುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಆಗಲೇ ತಿಳಿಯುತ್ತದೆ. ಟ್ರಯಲ್ ಅಂದರೆ ಇದು. ಪಫ್ಫು, ಗುಂಗುರು ಬೇಕೇಬೇಕೆಂದರೆ ಆರತಕ್ಷತೆಗೆ ಪಾರ್ಲರಿನವರೇ ಬರಲಿ, ಕೊಟ್ಟ ಅಡ್ವಾನ್ಸೂ ದಂಡವಾಗುವುದಿಲ್ಲ.

ಬಾಚಣಿಗೆ, ಸೂಜಿದಾರ, ಮಿಕ್ಕ ಪಿನ್ನುಗಳ ಚೀಲವನ್ನು ಮಂಟಪದ ಹತ್ತಿರವೇ ಕೂರುವವರೊಬ್ಬರಿಗೆ ಒಪ್ಪಿಸಿ. ಸೆಲ್ಫಿಗೆ ಕರೆದಲ್ಲೆಲ್ಲ ಓಡುವ ಗೆಳತಿಗೆ ಮಾತ್ರ ಬೇಡ.